ಸರಿಯಿದ್ದ ಕ್ಯಾಮೆರಾ ಕೆಡಿಸಿದ ನಾಗವೇಣಕ್ಕ

ಇಲ್ಲ... ಸುಳ್ಳು ಅಂತಲೇ ಫೋನ್ ಇಟ್ಟೆ.
ಆಮೇಲೆ ಹೊನ್ನಾವರದಿಂದ ಇನ್ನೊಬ್ಬರು. ಅದೇ ಸುದ್ದಿ...
ನಮ್ಮ ಕುಮಟಾದ ವಿಡಿಯೋ ನಾಗವೇಣಕ್ಕ ಇಂದು ಬೆಳಿಗ್ಗೆ ಹೋಗಿಬಿಟ್ಟರಂತೆ. ಹಾರ್ಟ್ ಅಟ್ಯಾಕ್.
ಮೊನ್ನೆ ತಾನೇ ನನಗೆ ಬೈದಿದ್ದರು. ಮೊನ್ನೆ!

ಸ್ನೇಹಿತರೇ,
ಭಟ್ಕಳದಿಂದ ಕುಮಟಾದವರೆಗೆ ನಿಮ್ಮಲ್ಲಿ ಅರ್ಧ ಜನರ ಮದುವೆ ತೆಗೆದವರು ಅವರೇ.
ನಾನು ಅವರ ಸ್ಟುಡಿಯೋದಲ್ಲಿ ಎಡಿಟಿಂಗ್ ಮಾಡುವವನು.
ಅಳುವ ಪೋಸ್ಟ್ ಬರೆಯುವುದಿಲ್ಲ... ಅಳು ಬರುತ್ತಿದೆ, ಆದರೂ ಬರೆಯುವುದಿಲ್ಲ.
ಅವರು ಗೆದ್ದ ಕಥೆ ಹೇಳುತ್ತೇನೆ.

ಹೋದ ವರ್ಷ ದೇವಿ ಅನ್ನುವವರು ಒಂದು ಟೇಪ್ ತಂದರು. ಅವರದೇ ಮದುವೆಯದು. ಹಳೇ ಮಿನಿ ಡಿವಿ ಕ್ಯಾಸೆಟ್, ಒಳಗೆಲ್ಲ ಬೂಷ್ಟು.
ಮಗಳ ಮದುವೆ ಹತ್ತಿರ ಬಂದಿತ್ತು. ಹೆಣ್ಣು ಒಪ್ಪಿಸುವ ಹೊತ್ತಿನ ಹಾಡು ಬೇಕಿತ್ತು.
ಅದನ್ನು ಪೂರ್ತಿ ಬಲ್ಲವರು ದೇವಿಯವರ ತಾಯಿ ಒಬ್ಬರೇ. ತಾಯಿ ಈಗಿಲ್ಲ.
ಹಾಡು ಉಳಿದದ್ದು ಆ ಟೇಪಿನಲ್ಲಿ ಮಾತ್ರ...

ಸ್ಟುಡಿಯೋದ ಪ್ಲೇಯರಿಗೆ ಹಾಕಿದೆವು.
ಚಿತ್ರ ಬಂತು, ಚೌಕ ಚೌಕವಾಗಿ ಒಡೆದುಕೊಂಡು.
ಸೌಂಡ್... ಸೊನ್ನೆ.
"ಅವ್ವಿ ಬಾಯಿ ಆಡ್ತದೆ... ದನಿ ಎಲ್ಲಿ ಹೋತು?" ಎಂದರು ದೇವಿ.

ಬೂಷ್ಟು ಒರೆಸಿ ಮತ್ತೆ ಹಾಕಿದರೂ ಸೊನ್ನೆ. ಹೊರಗೆ ಕಳಿಸಿದರೆ, "ಆಡಿಯೋ ಹೋಗಿದೆ, ಬಿಟ್ಟುಬಿಡಿ" ಅಂತ ವಾಪಸ್ ಬಂತು.
ನಾಗವೇಣಕ್ಕ ಬಿಡುವ ಪೈಕಿಯೇ?

ಅಕ್ಕಾ...
ಆ ದಿನ ನೀನು ಅಟ್ಟದಿಂದ ನಿನ್ನ ಹಳೇ ಕ್ಯಾಮೆರಾ ಇಳಿಸಿದ್ದು ನೆನಪಿದೆಯಾ?
ದೇವಿಯವರ ಮದುವೆ ತೆಗೆದದ್ದೂ ನೀನೇ, ಅದೇ ಕ್ಯಾಮೆರಾದಲ್ಲಿ. ಅದಕ್ಕೂ ಮೊದಲು ಯಾರದೋ ಚಪ್ಪರದಲ್ಲಿ ಅದು ಬಿದ್ದು, ಒಳಗೆ ಟೇಪ್ ಓಡುವ ದಾರಿ ಕೂದಲೆಳೆಯಷ್ಟು ಓರೆಯಾಗಿತ್ತು. ಆ ಓರೆಯಲ್ಲೇ ಇಡೀ ಸೀಸನ್ ಮುಗಿಸಿ, ಆಮೇಲೆ ರಿಪೇರಿ ಮಾಡಿಸಿದ್ದೆ ನೀನು.

"ರಿಪೇರಿ ಮಾಡ್ಸಿದ್ದೇ ತಪ್ಪಾತು ಮಾರಾಯ!" ಎಂದು ಕೂಗಿದವಳೂ ನೀನೇ. "ಓರೆ ಬರ್ದದ್ದನ್ನ ನೆಟ್ಟಗಿನ ಮಷಿನ್ ಹೆಂಗೆ ಓದ್ತದೆ? ಚಿತ್ರ ಒಡ್ಕೊಂಡಾದ್ರೂ ಬತ್ತದೆ. ಸೌಂಡ್ ಹಂಗಲ್ಲ, ತುಂಡಾದ್ರೆ ಬಾಯೇ ಮುಚ್ತದೆ."
"ಈಗ ಎಂತ ಮಾಡುದು ಅಕ್ಕ?"
"ಎಂತ ಮಾಡುದು! ಕೆಡ್ಸುದು!"

ಸ್ಕ್ರೂಡ್ರೈವರ್ ಹಿಡಿದು, ಒಳಗಿನ ಸ್ಕ್ರೂ ಚೂರು ಚೂರೇ ತಿರುಗಿಸಿ, ಸರಿಯಿದ್ದ ಕ್ಯಾಮೆರಾವನ್ನು ಮತ್ತೆ ಆ ಹಳೇ ಓರೆಗೆ ಬರುವಂತೆ ನೀನು ಕೆಡಿಸುತ್ತಾ ಹೋದೆ.
ನಾನು ಬೇಡ ಬೇಡ ಎನ್ನುತ್ತಲೇ ಇದ್ದೆ. ಇನ್ನೊಂದು ಅಂಥದ್ದು ಸಿಗುವುದಿಲ್ಲವಲ್ಲ!
ಚಟ್... ಚಟ್...
ಒಂದು ಪದ.
ಒಂದೊಂದು ಸಲ ಓಡಿಸಿದಾಗ ಒಂದೊಂದು ಚೂರು. ಎಲ್ಲ ಚೂರನ್ನೂ ನಾನು ಕಂಪ್ಯೂಟರಿನ ಟೈಮ್‌ಲೈನ್ ಮೇಲೆ ಜೋಡಿಸಿದೆ.
ಹಾಡು ಪೂರ್ತಿ!!
ನೀನು ಅಂಗಡಿ ಬಾಗಿಲಿಗೆ ಓಡಿ "ಬಂತು! ಬಂತು!" ಎಂದು ಕೂಗಿದ ರಭಸಕ್ಕೆ, ಎದುರು ಕೂತಿದ್ದ ಮೀನಿನವಳು ಬಸ್ ಬಂತೆಂದು ಬುಟ್ಟಿ ಎತ್ತಿಕೊಂಡು ಓಡಿದ್ದು...

ದೇವಿ ಹೆಡ್‌ಫೋನ್ ಹಾಕಿಕೊಂಡು ಅಳಲಿಲ್ಲ. ಜೊತೆಗೇ ಹಾಡಿದರು.
ಮಗಳ ಮದುವೆಯಲ್ಲೂ ಹಾಡಿದರು, ಒಂದು ಸೊಲ್ಲೂ ಬಿಡದೆ. ನೀನು ಕ್ಯಾಮೆರಾ ಹಿಂದೆ ನಿಂತು ಮೂಗು ಒರೆಸಿಕೊಳ್ಳುತ್ತಿದ್ದೆ.

ಆ ಹಳೇ ಟೇಪಿನಲ್ಲಿ ಹಾಡಿನ ನಡುವೆ ದೇವಿಯವರ ತಾಯಿ ಗದರುತ್ತಾರೆ:
"ಹೇ ತಂಗಿ, ಲೈಟ್ ಆಚೆ ಹಿಡಿ!"
ಕ್ಯಾಮೆರಾ ಹಿಂದಿನಿಂದ ಒಂದು ಎಳೇ ದನಿ:
"ಆತು ಅವ್ವಿ, ಆತು. ನೀ ಹಾಡು."
ನಿನ್ನದು.

"ಆ ಕಾಗೆ ದನಿ ಕಟ್ ಮಾಡೋ" ಅಂತಲೇ ನೀನು ಮೊನ್ನೆಯೂ ಬೈದದ್ದು.
ಮಾಡಿಲ್ಲ ಅಕ್ಕ. ಮಾಡುವುದೂ ಇಲ್ಲ.
ಬೆಳಿಗ್ಗೆಯಿಂದ ಅದನ್ನೇ ಹಾಕಿಕೊಂಡು ಕೂತಿದ್ದೇನೆ...

ಹೋಗಿ ಬಾ.
ನಿನ್ನ ಜೀವಕ್ಕೆ ಶಾಂತಿ ಸಿಗಲಿ...
ದನಿ ಇಲ್ಲೇ ಇರಲಿ.