ಮೂರನೆಯ ಸಾಲು

ಆಸ್ಪತ್ರೆಯಿಂದ ಮನೆಗೆ ಬಂದ ಹದಿನಾರನೆಯ ದಿನ ಅಳತೆಯಕ್ಕನ ಗಂಡ ಮೊದಲ ಸಲ ಒಂದು ಪೂರ್ತಿ ವಾಕ್ಯ ಮಾತಾಡಿದರು. ಅದು ಅವಳಿಗೆ ಬಾರದ ಭಾಷೆಯಲ್ಲಿತ್ತು.

ನಾನು ಅವರ ಕೆಳಗಿನ ಮನೆಯವಳು. ಹನ್ನೆರಡು ವರ್ಷದಿಂದ ಅವಳು ಮೇಜು ಎಳೆಯುವ ಸದ್ದು, ಅವರ ಕೆಮ್ಮು, ಇಬ್ಬರ ಜಗಳ, ಎಲ್ಲವೂ ನನ್ನ ತಲೆಯ ಮೇಲೆಯೇ ನಡೆದಿದೆ. ಸಮವಸ್ತ್ರ ಹೊಲಿಯುವ ಕಾರ್ಖಾನೆಯೊಂದಕ್ಕೆ ಬಟ್ಟೆಯ ನಮೂನೆ ಮಾಡಿಕೊಡುವುದು ಅವಳ ಕೆಲಸ. ಕಾಲರು, ತೋಳು, ಬೆನ್ನು, ಜೇಬು, ಒಂದೊಂದನ್ನೂ ಒಂಬತ್ತು ಅಳತೆಗಳಲ್ಲಿ ಮನೆಯ ಕಂಪ್ಯೂಟರಿನಲ್ಲಿ ಗೆರೆ ಎಳೆದು ಕಳಿಸುತ್ತಿದ್ದಳು. ಕಾರ್ಖಾನೆಯವರು ಅದನ್ನು ಕಾಗದಕ್ಕೆ ಇಳಿಸಿ, ಬಟ್ಟೆಯ ಮೇಲೆ ಹರಡಿ ಕತ್ತರಿಸುತ್ತಿದ್ದರು. ಅರ್ಧ ಬೆರಳು ತಪ್ಪಿದರೆ ನಾನೂರು ಜನರ ಕತ್ತು ಹಿಡಿಯುತ್ತದೆ. ಅವಳು ತಪ್ಪಿದ್ದಿಲ್ಲ. ಅದಕ್ಕೇ ಆ ಹೆಸರು. ಕಾರ್ಖಾನೆಯ ಹುಡುಗಿಯರು, "ಭಾವನ ಅಳತೆ ಸರಿಯಾಗಿ ತಗೊಂಡಿದ್ದೀರಾ ಅಕ್ಕಾ?" ಎಂದು ಕೆಣಕಿದರೆ, "ಮದುವೆಗೆ ಮುಂಚೆ ತಗೊಂಡಿದ್ದೆ ಕಣ್ರೇ, ಆಮೇಲೆ ಹೊಟ್ಟೆ ಮಾತು ಕೇಳ್ಲಿಲ್ಲ" ಎನ್ನುತ್ತಿದ್ದಳು.

ಗಂಡ ನ್ಯಾಯಾಲಯದಲ್ಲಿ ಭಾಷಾಂತರಕಾರರು. ಹೊರಗಿನ ಭಾಷೆಯ ಕಾಗದಗಳನ್ನು ನಮ್ಮ ಭಾಷೆಗೆ, ನಮ್ಮವನ್ನು ಆ ಭಾಷೆಗೆ ತಿರುಗಿಸುತ್ತ ಇಪ್ಪತ್ತೊಂಬತ್ತು ವರ್ಷ ಕಳೆದವರು. ಮನೆಯಲ್ಲಿ ಮಾತ್ರ ಆ ಭಾಷೆಯ ಒಂದಕ್ಷರ ಆಡಿದವರಲ್ಲ. "ಅದು ಕಚೇರಿ ಬೂಟಿದ್ದ ಹಾಗೆ. ಬಾಗಿಲ ಹೊರಗೇ ಬಿಡ್ಬೇಕು" ಎನ್ನುತ್ತಿದ್ದರು. ಒಂದು ಬೆಳಿಗ್ಗೆ ಹಲ್ಲುಜ್ಜುತ್ತಿದ್ದವರು ಕೆಳಗೆ ಬಿದ್ದರು. ಮಿದುಳಿನಲ್ಲಿ ರಕ್ತ ಕಟ್ಟಿತ್ತು. ಕೈಕಾಲು ಬಹುಮಟ್ಟಿಗೆ ಉಳಿದವು. ಮಾತಿನಲ್ಲಿ, ಹುಟ್ಟಿನಿಂದ ಆಡಿದ್ದು ಹೋಗಿ ಕಲಿತದ್ದು ಉಳಿಯಿತು.

"ಹೀಗಾಗೋದು ಅಪರೂಪ, ಆದ್ರೆ ಆಗದ್ದೇನಲ್ಲ" ಎಂದಳು ಮಾತು ಕಲಿಸುವ ತಜ್ಞೆ.

"ವಾಪಸ್ ಬರುತ್ತಾ?" ಎಂದಳು ಅಳತೆಯಕ್ಕ.

"ಬರಬಹುದು. ಬರದೇನೂ ಇರಬಹುದು. ಸದ್ಯಕ್ಕೆ ಯಾವ ಬಾಗಿಲು ತೆರೆದಿದ್ಯೋ ಅದರಿಂದಲೇ ಒಳಗೆ ಹೋಗೋಣ. ಅವರಿಗೆ ಬರೋ ಭಾಷೇಲೇ ಓದ್ಲಿ, ಬರೀಲಿ. ಸುಮ್ನೆ ಕೂರಿಸ್ಬೇಡಿ."

ಗಂಡನ ಅಕ್ಕ ನೋಡಲು ಬಂದಳು. ತಮ್ಮನ ಎದುರು ಕುಳಿತು ಊರಿನ ಸುದ್ದಿಯೆಲ್ಲ ಹೇಳಿದಳು. ಅವರು ಬಸ್ಸಿನಲ್ಲಿ ಪಕ್ಕದಲ್ಲಿ ಕುಳಿತ ಅಪರಿಚಿತಳನ್ನು ನೋಡುವಂತೆ ಮರ್ಯಾದೆಯಿಂದ ನೋಡುತ್ತ, ಕೊನೆಗೆ ಆ ಭಾಷೆಯಲ್ಲಿ ಏನೋ ಹೇಳಿದರು. "ನಮ್ಮಮ್ಮ ತುತ್ತಿಟ್ಟ ಮಾತನ್ನೇ ಮರೆತನಲ್ಲೇ!" ಎಂದು ಆ ಅಕ್ಕ ಅತ್ತಳು. ಆಮೇಲೆ ಕಣ್ಣೊರೆಸಿಕೊಂಡು, "ಇದು ನಾಟಕ. ನೀನು ತಲೆ ಮೇಲೆ ಕೂರಿಸ್ಕೊಂಡಿದ್ದೀಯ. ಎರಡು ಸಲ ಗದರಿಸು, ಸರಿಹೋಗ್ತಾನೆ" ಎಂದು ಹೇಳಿ ಹೋದಳು. ಮತ್ತೆ ಬರಲಿಲ್ಲ.

ಅವರು ದಿನವಿಡೀ ಕಂಪ್ಯೂಟರಿನ ಮುಂದೆ ಹೋಗಿ ಕೂರುತ್ತಿದ್ದರು. ಕೈಗೆ ಅಭ್ಯಾಸ ನೆನಪಿತ್ತು, ಆದರೆ ತೆರೆಯ ಮೇಲೆ ಕಾಣುವುದೆಲ್ಲ ನಮ್ಮ ಭಾಷೆಯ ಅಕ್ಷರ. ಅವರಿಗೆ ಅದು ಇರುವೆ ಸಾಲು. ಒಂದಕ್ಕೆ ಬದಲು ಇನ್ನೊಂದು ಒತ್ತಿ, ಏನೇನೋ ತೆರೆದುಕೊಂಡು, ಕೊನೆಗೆ ಕೀಲಿಮಣೆಗೆ ಮುಷ್ಟಿಯಿಂದ ಗುದ್ದುತ್ತಿದ್ದರು. ಎರಡನೆಯ ತಿಂಗಳಿಗೆ ಅದನ್ನೂ ಬಿಟ್ಟರು. ಗೋಡೆಗೆ ಮುಖ ಮಾಡಿ ಮಲಗಿದರು. ಊಟ ಅರ್ಧಕ್ಕಿಳಿಯಿತು, ಆಮೇಲೆ ಎರಡು ಚಮಚಕ್ಕೆ. ಅಳತೆಯಕ್ಕ ತಟ್ಟೆ ಹಿಡಿದು ಹಾಸಿಗೆಯ ಪಕ್ಕ ನಿಂತಿರುವುದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ. "ತಿನ್ನಿ ಅನ್ನೋಕೂ ನನಗೆ ಪದ ಇಲ್ಲ ನೋಡು" ಎಂದಳು ಒಮ್ಮೆ.

ಬೀದಿಯ ಮೂಲೆಯಲ್ಲಿ ಕಂಪ್ಯೂಟರ್ ರಿಪೇರಿ ಮಾಡುವವನನ್ನು ಎಲ್ಲರೂ ತಿರುಪಣ್ಣ ಎನ್ನುತ್ತಾರೆ. ಅವನ ಬಾಯಲ್ಲಿ ಸದಾ ಎರಡು ತಿರುಪುಮೊಳೆ ಇರುತ್ತವೆ. ಅಕ್ಕ ಅವನನ್ನು ಕರೆಸಿದಳು.

"ಭಾಷೆ ಬದಲಾಯಿಸೋ ಗುಂಡಿ ಇರಲ್ವಾ?"

"ನಿಮ್ಮದು ಅಗ್ಗದ ಆವೃತ್ತಿ ಅಕ್ಕಾ. ಒಂದೇ ಭಾಷೆ. ಏಕಪತ್ನೀವ್ರತ." ಅವನು ಮೊಳೆಗಳನ್ನು ಕೈಗೆ ಉಗಿದುಕೊಂಡ. "ಎರಡನೇದು ಬೇಕು ಅಂದ್ರೆ ಬೇರೆ ಸಂಸಾರಾನೇ ಹೂಡ್ಬೇಕು. ಡಿಸ್ಕಿನೊಳಗೆ ಒಂದು ಗೋಡೆ ಎಬ್ಬಿಸೋದು. ಆ ಕಡೆ ನಿಮ್ಮ ಭಾಷೇದು, ಈ ಕಡೆ ಅವರ ಭಾಷೇದು. ಆನ್ ಮಾಡಿದ ತಕ್ಷಣ ಯಾವ ಕಡೆ ಹೋಗ್ಬೇಕು ಅಂತ ಅದೇ ಕೇಳುತ್ತೆ."

"ನನ್ನ ನಮೂನೆಗಳಿಗೆ ಏನೂ ಆಗಲ್ಲ ತಾನೇ?"

"ಅವು ಬೇರೆ ಗೋಡೆಯೊಳಗಿವೆ. ಏನಾಗುತ್ತೆ?"

ಹನ್ನೊಂದು ವರ್ಷದ ಆರುನೂರ ಇಪ್ಪತ್ತು ನಮೂನೆಗಳು. ಕಾರ್ಖಾನೆಯಲ್ಲಿ ಇನ್ನೊಂದು ಪ್ರತಿ ಇದೆಯೆಂದು ಅವಳು ನಂಬಿದ್ದಳು. ಅವಳ ಬಳಿ ಇದೆಯೆಂದು ಕಾರ್ಖಾನೆಯವರು ನಂಬಿದ್ದರು.

ಒಂದು ಭಾನುವಾರ ಮಧ್ಯಾಹ್ನ ತಿರುಪಣ್ಣ ಬಂದು ಖಾಲಿ ಜಾಗ ಬೇರೆ ಮಾಡಿದ. ಹೊಸ ಆವೃತ್ತಿಯ ಸಿ.ಡಿ. ಒಳಗಿಡುವ ಹೊತ್ತಿಗೆ ಅವನಿಗೆ ಫೋನ್ ಬಂತು. ಅವನ ಮಾವ ಮೆಟ್ಟಿಲಿಂದ ಬಿದ್ದಿದ್ದರು. ಬೇರೆ ಊರಿಗೆ ಓಡಬೇಕಿತ್ತು. ಬಾಗಿಲಲ್ಲಿ ನಿಂತೇ ಹೇಳಿದ: "ಅಕ್ಕಾ, ಮೂರು ಭಾಗ ಇವೆ. ಮೊದಲ್ನೇದು ನಿಮ್ಮ ಈಗಿನ ವ್ಯವಸ್ಥೆ, ಎರಡನೇದು ನಿಮ್ಮ ಕೆಲಸದ ಫೈಲು, ಮೂರನೇದು ಖಾಲಿ. ಮೂರನೇದಕ್ಕೆ ಹಾಕಿದ್ರೆ ಆಯ್ತು. ಇಲ್ಲಾಂದ್ರೆ ಗುರುವಾರದ ತನಕ ತಡೀರಿ, ನಾನೇ ಬರ್ತೀನಿ."

ಗುರುವಾರಕ್ಕೆ ನಾಲ್ಕು ದಿನ. ಗಂಡನ ಹೊಟ್ಟೆಗೆ ಹಿಂದಿನ ದಿನದಿಂದ ಏನೂ ಬಿದ್ದಿರಲಿಲ್ಲ. ಅಕ್ಕ ಸಿ.ಡಿ.ಯನ್ನು ಒಳಗೆ ತಳ್ಳಿದಳು.

ತೆರೆಯ ಮೇಲೆ ಆ ಭಾಷೆ ಮೂಡಿತು. ಅವಳಿಗೆ ಒಂದಕ್ಷರವೂ ಓದಲು ಬಾರದು. ಅವಳು ಒಳಗೆ ಹೋಗಿ ಗಂಡನ ಕೈ ಹಿಡಿದೆಬ್ಬಿಸಿ ತಂದು ಕುರ್ಚಿಯಲ್ಲಿ ಕೂರಿಸಿದಳು. ಅವರು ತೆರೆ ನೋಡಿದರು. ಬೆನ್ನು ನೆಟ್ಟಗಾಯಿತು. ಷರತ್ತುಗಳ ಉದ್ದನೆಯ ಪುಟ ಬಂದಾಗ ಅವರು ಅದನ್ನು ಮೊದಲಿಂದ ಕೊನೆಯವರೆಗೆ ಗಟ್ಟಿಯಾಗಿ, ನ್ಯಾಯಾಧೀಶರ ಮುಂದೆ ಓದುವ ಗತ್ತಿನಲ್ಲಿ ಓದಿದರು. ಕೆಳಗಿದ್ದ ನನಗೂ ಕೇಳಿಸಿತು. ಅಕ್ಕ ನಕ್ಕದ್ದೂ ಕೇಳಿಸಿತು. ಎರಡು ತಿಂಗಳ ಮೇಲೆ ಮೊದಲ ಸಲ.

ಆಮೇಲೆ ಭಾಗಗಳ ಪಟ್ಟಿ ಬಂತು. ಮೂರು ಸಾಲಿರಬೇಕಾದಲ್ಲಿ ನಾಲ್ಕಿದ್ದವು. ಎಲ್ಲಕ್ಕಿಂತ ಮೇಲೆ ಒಂದು ಚಿಕ್ಕ ಭಾಗವನ್ನು ಕಂಪ್ಯೂಟರ್ ತನಗಾಗಿ ಇಟ್ಟುಕೊಂಡಿರುತ್ತದೆ. ತಿರುಪಣ್ಣನಿಗೆ ಅದು ಲೆಕ್ಕಕ್ಕೇ ಇರಲಿಲ್ಲ. ಹಾಗಾಗಿ ಅವನ ಮೂರನೆಯದು ಇಲ್ಲಿ ನಾಲ್ಕನೆಯ ಸಾಲು. ಇಲ್ಲಿಯ ಮೂರನೆಯ ಸಾಲು ಅವಳ ನಮೂನೆಗಳು. ಇದೆಲ್ಲ ಆಮೇಲೆ ತಿಳಿದದ್ದು. ಆಗ ಅವಳಿಗೆ ಕಂಡದ್ದು ಇಷ್ಟೇ: ಒಂದು ಸಾಲು ಹೆಚ್ಚಿದೆ. ತಿರುಪಣ್ಣನಿಗೆ ಆರು ಸಲ ಫೋನ್ ಮಾಡಿದಳು. ಎತ್ತಲಿಲ್ಲ.

ಅವಳು ಮೂರನೆಯ ಸಾಲಿನ ಮೇಲೆ ಬೆರಳಿಟ್ಟು ಗಂಡನ ಮುಖ ನೋಡಿದಳು. "ಇದೇನಾ? ಇದು ಖಾಲೀನಾ?" ಎಂದು ಅಂಗೈ ಬಿಚ್ಚಿ ತೋರಿಸಿದಳು.

ಅವರು ಸಾಲನ್ನು ಓದಿದರು. ಹುಬ್ಬು ಗಂಟಿಕ್ಕಿತು. ಅವಳ ಕೈಯನ್ನು ತಳ್ಳಿದರು. ಆದರೆ ಬಾಯಿಂದ ಬಂದದ್ದು ಒಂದು ಚಿಕ್ಕ ಪದ, ಆ ಭಾಷೆಯ 'ಹೌದು'. ಈ ಎರಡು ತಿಂಗಳಲ್ಲಿ ಅವರ ಬಾಯಿಂದ ಕೇಳಿ ಕೇಳಿ ಅವಳು ಕಲಿತಿದ್ದ ನಾಲ್ಕಾರು ಪದಗಳಲ್ಲಿ ಅದೂ ಒಂದು. "ಹೌದು" ಎಂದರು ಮತ್ತೆ, ಗಟ್ಟಿಯಾಗಿ. "ಹೌದು, ಹೌದು!"

ಕೈ ತಳ್ಳಿದ್ದನ್ನು ನಂಬಲೋ, ಮಾತನ್ನು ನಂಬಲೋ? ಅವಳು ಮಾತನ್ನು ನಂಬಿದಳು. ಒತ್ತಿದಳು.

ಮುಕ್ಕಾಲು ಗಂಟೆಯಲ್ಲಿ ಹೊಸ ವ್ಯವಸ್ಥೆ ಬಂದು ಕುಳಿತಿತು. ಅವರು ಮೌಸ್ ಹಿಡಿದು ಒಂದೊಂದೇ ತೆರೆದರು, ಖಾಲಿ ಪುಟಕ್ಕೆ ಬಂದರು, ತಮ್ಮ ಹೆಸರು ಬರೆದರು. ಆಮೇಲೆ ಅಕ್ಕ ಕಂಪ್ಯೂಟರನ್ನು ಆರಿಸಿ ಹಚ್ಚಿದಳು. ಅದು ಎರಡು ಸಾಲು ತೋರಿಸಿ ಕೇಳಿತು. ತನ್ನ ಭಾಷೆಯ ಸಾಲನ್ನು ಆರಿಸಿ ಒಳಗೆ ಹೋದಳು. ನಮೂನೆಗಳಿದ್ದ ಜಾಗದಲ್ಲಿ ಒಂದೂ ಉಳಿದಿರಲಿಲ್ಲ.

ನಾನು ಮೆಟ್ಟಿಲು ಹತ್ತಿ ಓಡಿದ್ದು ಅವಳ ಕೂಗು ಕೇಳಿ. ಅವಳು ಗಂಡನ ಎರಡೂ ತೋಳು ಹಿಡಿದು ಅಲುಗಿಸುತ್ತಿದ್ದಳು. "ಹೌದು ಅಂದ್ರಲ್ಲಾ! ಹೌದು ಅಂದ್ರಲ್ರೀ ನೀವು! ಹನ್ನೊಂದು ವರ್ಷ ನನ್ನ ಕಣ್ಣು ತೇಯ್ಕೊಂಡು ಮಾಡಿದ್ದು!" ಅವರಿಗೆ ಏನೂ ತಿಳಿಯುತ್ತಿರಲಿಲ್ಲ. ಅವಳನ್ನು ಸಮಾಧಾನ ಮಾಡಬೇಕೆಂಬುದಷ್ಟೇ ಮುಖದಲ್ಲಿತ್ತು. ಅದಕ್ಕಾಗಿ ಅದೇ ಚಿಕ್ಕ ಪದವನ್ನು ಮತ್ತೆ ಮತ್ತೆ ಹೇಳುತ್ತಿದ್ದರು. ಹೌದು. ಹೌದು. ಹೌದು. ನಾನು ಅವಳ ಕೈ ಬಿಡಿಸಿದೆ. ಅವಳು ನೆಲದ ಮೇಲೆ ಕುಸಿದು, ಬಾಯಿಗೆ ಸೆರಗು ತುರುಕಿಕೊಂಡಳು.

ಗುರುವಾರ ತಿರುಪಣ್ಣ ಬಂದ. ಎರಡು ದಿನ ಊಟ ನಿದ್ದೆ ಬಿಟ್ಟು ಕೆದಕಿದ. ಎಪ್ಪತ್ತೊಂದು ಸಿಕ್ಕವು, ಅವೂ ಹೆಸರಿಲ್ಲದವು. ಯಾವುದೋ ಅಂಗಿಯ ಎಡತೋಳು, ಯಾರದೋ ಜೇಬು. "ಬಯ್ಯಿರಿ ಅಕ್ಕಾ, ಒಂದು ಮಾತಾದ್ರೂ ಬಯ್ಯಿರಿ" ಎಂದ. ಅವಳು ಬಯ್ಯಲಿಲ್ಲ. ತಜ್ಞೆಗೆ ಹೇಳಿದಾಗ ಆಕೆ ಹಣೆ ಒತ್ತಿಕೊಂಡಳು. "ಇಂಥವರಲ್ಲಿ ಹೌದು, ಇಲ್ಲ ಎರಡೂ ಅದಲುಬದಲಾಗುತ್ತೆ. ಮನಸ್ಸಲ್ಲಿ ಇಲ್ಲ ಅಂತ ಇರುತ್ತೆ, ಬಾಯಿಗೆ ಹೌದು ಬರುತ್ತೆ. ನಾನು ಮೊದಲೇ ಹೇಳ್ಬೇಕಿತ್ತು."

"ಪಟ್ಟಿಯಲ್ಲಿ ಯಾವುದು ಎಷ್ಟು ತುಂಬಿದೆ ಅಂತ ಅಂಕಿ ಇತ್ತು" ಎಂದಳು ಅಕ್ಕ, ಬರುವಾಗ ದಾರಿಯಲ್ಲಿ ನನಗೆ. "ಅಂಕಿ ಓದೋಕೆ ಯಾವ ಭಾಷೆ ಬೇಕಿತ್ತು? ಅಳತೆಯಕ್ಕನಂತೆ!"

ಮನೆಯಿಂದ ಮಾಡುವ ಕೆಲಸ ಹೋಯಿತು. ಕಾರ್ಖಾನೆಯವರು ಕೈಬಿಡಲಿಲ್ಲ, ಆದರೆ ಕೊಟ್ಟದ್ದು ಕತ್ತರಿಸುವ ಮೇಜು. ಐವತ್ತೊಂದನೆಯ ವಯಸ್ಸಿನಲ್ಲಿ ಒಂಬತ್ತು ಗಂಟೆ ನಿಂತು, ಓಡುವ ಅಲಗನ್ನು ಇನ್ಯಾರೋ ಎಳೆದ ಗೆರೆಯ ಮೇಲೆ ತಳ್ಳುವುದು. ಸಂಜೆ ಬರುವಾಗ ಮೆಟ್ಟಿಲ ಕಂಬಿ ಹಿಡಿದು ಒಂದೊಂದೇ ಹೆಜ್ಜೆ ಏರುತ್ತಿದ್ದಳು. ಹಗಲು ಅವರನ್ನು ನಾನು ನೋಡಿಕೊಳ್ಳುತ್ತಿದ್ದೆ. ಅವರು ತಾವೇ ಕಂಪ್ಯೂಟರ್ ಹಚ್ಚಿ, ತಮ್ಮ ಸಾಲು ಆರಿಸಿ, ಏನೋ ಬರೆಯುತ್ತಿದ್ದರು. ಊಟ ಮಾಡತೊಡಗಿದ್ದರು, ಅದೊಂದು ನಿಜ.

ಅಕ್ಕ ಅವರತ್ತ ನೋಡುವುದನ್ನೇ ಬಿಟ್ಟಿದ್ದಳು. ತಟ್ಟೆ ಇಡುವಳು, ತೆಗೆಯುವಳು. ತುಟಿ ಬಿಚ್ಚಳು. "ಏನು ಮಾತಾಡ್ಲಿ? ಕಲ್ಲಿನ ಜೊತೆ ಮಾತಾಡಿದ್ರೆ ಅದಾದ್ರೂ ಹೌದು ಅನ್ನಲ್ಲ."

ಅವರು ಬರೆದ ಎರಡು ಪುಟಗಳನ್ನು ನಾನೇ ಮುದ್ರಿಸಿಕೊಂಡು ಹೋಗಿ ತಜ್ಞೆಗೆ ಕೊಟ್ಟೆ. ಆ ಭಾಷೆ ಬಲ್ಲವರಿಂದ ಅರ್ಥ ಬರೆಸಿಕೊಂಡು ಬಂದ ಆಕೆ ಮುಂದಿನ ಭೇಟಿಯಲ್ಲಿ ಅಕ್ಕನನ್ನು ಕೂರಿಸಿಕೊಂಡು ನಮ್ಮ ಭಾಷೆಯಲ್ಲಿ ಓದಿ ಹೇಳಿದಳು.

"ಈ ಮನೆಯಲ್ಲಿ ಒಬ್ಬ ಹೆಂಗಸು ಇದ್ದಾಳೆ. ಒಳ್ಳೆಯವಳು. ಮೊದಲು ನನ್ನ ಜೊತೆ ತುಂಬ ಮಾತಾಡುತ್ತಿದ್ದಳು, ನನಗೆ ತಿಳಿಯುತ್ತಿರಲಿಲ್ಲ. ಒಂದು ದಿನ ನಾವಿಬ್ಬರೂ ಸೇರಿ ಕೆಲಸ ಮಾಡಿದೆವು. ಅವತ್ತಿನಿಂದ ಅವಳಿಗೆ ಸಿಟ್ಟು. ಯಾಕೆಂದು ಯಾರೂ ನನಗೆ ಹೇಳುತ್ತಿಲ್ಲ."

ಅಕ್ಕ ಆ ಪುಟಗಳನ್ನು ತನ್ನ ಕಡೆ ಎಳೆದುಕೊಂಡಳು. ಆಮೇಲೆ ಕೇಳಿದಳು: "ಹೆಂಗಸು ಅಂತಾನೇ ಬರ್ದಿದ್ದಾರಾ? ಹೆಂಡತಿ ಅಂತಿಲ್ವಾ?"

"ಆ ಪದ ಸಿಕ್ಕಿರಲಿಕ್ಕಿಲ್ಲ ಅವರಿಗೆ" ಎಂದಳು ತಜ್ಞೆ. ಹಾಗೆನ್ನುವಾಗ ಅಕ್ಕನ ಮುಖ ನೋಡಲಿಲ್ಲ.

ಅವತ್ತಿನಿಂದ ಅಕ್ಕ ಆ ಭಾಷೆ ಕಲಿಯತೊಡಗಿದಳು. ಗಂಡನ ನಿಘಂಟು ಇತ್ತು, ಮಕ್ಕಳ ಒಂದು ಅಕ್ಷರಪುಸ್ತಕ ತಂದಳು. ಕಾರ್ಖಾನೆಯ ಬಸ್ಸಿನಲ್ಲಿ ತುಟಿ ಕುಣಿಸುತ್ತ ಕೂರುತ್ತಿದ್ದಳು. ಕಷ್ಟಪಟ್ಟು ಹತ್ತು ಪದ ಕಲಿತರೆ ಬೆಳಗಾಗುವುದರೊಳಗೆ ಏಳು ಮರೆಯುತ್ತಿದ್ದವು. "ಹಣ್ಣಾದ ತಲೆಗೆ ಏನೂ ಅಂಟಲ್ಲ ಕಣೇ" ಎಂದು ಪುಸ್ತಕ ಎಸೆದದ್ದೂ ಉಂಟು. ಮತ್ತೆ ಎತ್ತಿಕೊಳ್ಳುವಳು.

ಎಂಟು ತಿಂಗಳಾದ ಮೇಲೆ ಒಂದು ಭಾನುವಾರ ಬೆಳಿಗ್ಗೆ ನನ್ನನ್ನು ಕರೆದಳು. ಅವಳು ಸ್ವಂತವಾಗಿ ಬರೆದ ಮೊದಲ ವಾಕ್ಯ ಗಂಡನ ಕಡೆಯ ತೆರೆಯ ಮೇಲಿತ್ತು. ಅದಕ್ಕೆ ಹನ್ನೊಂದು ದಿನ ಹಿಡಿದಿತ್ತಂತೆ. "ನಮೂನೆಗಳು ಹೋದದ್ದು ನಿಮ್ಮ ತಪ್ಪಲ್ಲ ಅಂತ ಬರ್ದಿದ್ದೀನಿ" ಎಂದು ಪಿಸುಗುಟ್ಟಿದಳು. ಅವರನ್ನು ತಂದು ಕೂರಿಸಿದಳು. ಸೆರಗಿನ ಅಂಚು ಹಿಡಿದು ಕುರ್ಚಿಯ ಹಿಂದೆ ನಿಂತಳು.

ಅವರು ಓದಿದರು. ಹಳೆಯ ಅಭ್ಯಾಸದಂತೆ ಎರಡು ಕಾಗುಣಿತದ ತಪ್ಪು ತಿದ್ದಿದರು. ಸ್ವಲ್ಪ ಯೋಚಿಸಿದರು. ಆಮೇಲೆ ಅದರ ಕೆಳಗೆ ಎರಡೇ ಪದ ಬರೆದು, ತಿರುಗಿ ಅವಳ ಮುಖ ನೋಡಿದರು.

ಎರಡೂ ಪದ ಅವಳಿಗೆ ಗೊತ್ತಿದ್ದವೇ. ಅವಳು ಓದಿ ನನ್ನ ಕಡೆ ನೋಡಿದಳು. ನಗುತ್ತಿದ್ದಾಳೋ ಅಳುತ್ತಿದ್ದಾಳೋ ತಿಳಿಯಲಿಲ್ಲ.

"'ಯಾವ ನಮೂನೆ?' ಅಂತ ಕೇಳ್ತಿದ್ದಾರೆ ಕಣೇ."

ಅವರು ಕಾಯುತ್ತಿದ್ದರು. ಅವಳು ಇನ್ನೊಂದು ಕುರ್ಚಿ ಎಳೆದುಕೊಂಡು ಅವರ ಪಕ್ಕದಲ್ಲಿ ಕುಳಿತು, ನಿಘಂಟಿನಲ್ಲಿ ತೋಳು ಎನ್ನುವ ಪದವನ್ನು ಹುಡುಕತೊಡಗಿದಳು.