ಒ ಇಡುವ ಜಾಗ
ಯರಗಟ್ಟಿಯ ಟೈಪಿಂಗ್ ಮಾಸ್ತರ ಸಿದ್ಧಾರೂಢರ ಕಿವಿಗೆ ಮಂದಿಯ ಮಾತು ಬೀಳುವುದೇ ಇಲ್ಲ, ಬೀಳುವುದು ಬರೀ ಅಕ್ಷರ. ಬಸ್ ಸ್ಟ್ಯಾಂಡಿನ ಕಟ್ಟೆಯ ಮೇಲೆ ಕುಳಿತು, ಯಾವ ಅಕ್ಷರ ಎಷ್ಟು ಸಲ ಜನರ ಬಾಯಲ್ಲಿ ಬಂತೆಂದು ನೋಟ್‌ಬುಕ್ಕಿನಲ್ಲಿ ಗೀಟು ಹಾಕುತ್ತಾರೆ. "ಬೆಳಗಾವಿ ಬಸ್ ಐತೇನ್ರಿ?" ಎಂದು ಯಾರಾದರೂ ಕೇಳಿದರೆ ಐ ಅಕ್ಷರಕ್ಕೆ ಇನ್ನೊಂದು ಗೀಟು, ಅಷ್ಟೇ. ಅಂಗೈಯಗಲದ ಕಂಪ್ಯೂಟರಿಗೆ ಅವರು ಕೀಲಿಮಣೆ ಜೋಡಿಸುತ್ತಿರುವುದು ಇದು ನಲವತ್ತನೆಯ ಸಲ. "ಪುಸ್ತಕದ ಕನ್ನಡದಾಗ ಐ ಮೂಲ್ಯಾಗ ಕುಂದರತೈತ್ರಿ. ನಮ್ಮ ಕಡೆ ಬಾಯಿ ತಗದರ ಐತಿ, ಐತಿ! ಅದು ಹೆಬ್ಬೆಟ್ಟಿನ ಬುಡಕ ಬೇಕು" ಎಂದು ಚಹಾದಂಗಡಿಯಲ್ಲಿ ಜಗಳಕ್ಕೆ ನಿಲ್ಲುತ್ತಾರೆ. ಮಂದಿ ನಗುತ್ತಾರೆ. ಆ ಪುಟ್ಟ ಕಂಪ್ಯೂಟರು ಹೆಂಡತಿ ನಾಗರತ್ನಾಳಿಗೆಂದು ಗೊತ್ತಿದ್ದವರು ನಗುವುದಿಲ್ಲ. ಲಕ್ವಾ ಹೊಡೆದು ಮಾತು ಹೋದ ಆಕೆಗೆ ಉಳಿದಿರುವುದು ಬಲಗೈಯ ಹೆಬ್ಬೆರಳೊಂದೇ. ಊರೆಲ್ಲ ಆಡುವ ಮಾತನ್ನು ಆಕೆಯೂ ಆಡಲೆಂದು, ಹೆಚ್ಚು ಗೀಟು ಬಿದ್ದ ಅಕ್ಷರಗಳನ್ನೆಲ್ಲ ಮಾಸ್ತರರು ಆ ಬೆರಳಿನ ಹತ್ತಿರ ಇಟ್ಟರು. ಗೀಟು ಕಡಿಮೆಯಾದ ಒ ಮೇಲಿನ ಮೂಲೆಗೆ ಹೋಯಿತು. ಆದರೆ ಗಂಜಿ ಕಂಡರೂ, ಗುಳಿಗೆ ಕಂಡರೂ, ಕಡೆಕಡೆಗೆ ಗಂಡನ ಮುಖ ಕಂಡರೂ ಆಕೆ ಬೆರಳನ್ನು ಆ ಮೂಲೆಗೇ ಎಳೆದೊಯ್ದು ಬರೆಯುವುದು ಒಂದೇ ಮಾತು: ಒಲ್ಲೆ. ಮೊನ್ನೆ ಮಾಸ್ತರರು ಒ ಅಕ್ಷರವನ್ನೇ ತೆಗೆದುಹಾಕಿದರು. ಆಕೆ ಆ ಖಾಲಿ ಮೂಲೆಯನ್ನೇ ಸಂಜೆಯವರೆಗೂ ಒತ್ತುತ್ತಿದ್ದಳು. ಕೀಲಿಮಣೆಯ ನಲವತ್ತೊಂದನೆಯ ನಕ್ಷೆಯಲ್ಲಿ ಮಾಸ್ತರರು ಐ ಅಳಿಸಿ, ಹೆಬ್ಬೆರಳಿನ ಅಡಿಗೇ ಒ ಬರೆದರು.