ಹೆಲಿನಾಳ ಉರುಳುದಿಮ್ಮಿ

ಹೆಲಿನಾ ಮೊಯ್ಲನೆನ್‌ಳ ಮುತ್ತಜ್ಜ ಆಪ್ರಾಮಿ. ನಮ್ಮ ಹೊಳೆಯ ಕುರ್ಕಿಕೊಸ್ಕಿ ಎಂಬ ನೊರೆಗಟ್ಟಿದ ಇಳಿಜಾರನ್ನು ಒಂದೇ ಪೈನ್ ದಿಮ್ಮಿಯ ಮೇಲೆ, ಕೈಯಲ್ಲಿ ತುಂಬಿದ ಕಾಫಿ ಕೆಟಲು ಹಿಡಿದು ದಾಟಿದವನು. ದಡ ಸೇರಿದಾಗ ಒಂದು ಬಟ್ಟಲಷ್ಟು ಚೆಲ್ಲಿತ್ತು ಎಂದು ಕಂಡವರು ಹೇಳುತ್ತಿದ್ದರು. ಒಂದು ಹನಿಯೂ ಚೆಲ್ಲಿರಲಿಲ್ಲ ಎಂದು ಕಾಣದವರು ಹೇಳುತ್ತಿದ್ದರು. ಅವನ ಮಗ ಯಾಲ್ಮಾರಿ. ಮಿಲ್ಲಿಗೆಂದು ತೇಲಿಬಿಟ್ಟ ಮರವೆಲ್ಲ ಬಂಡೆಗೆ ಸಿಕ್ಕಿ ಹೊಳೆಯೇ ಕಟ್ಟಿ ನಿಂತ ವರ್ಷ, ಸಾವಿರ ದಿಮ್ಮಿಗಳ ಗೋಜಲಿನಲ್ಲಿ ಬೀಗದ ಹಾಗೆ ಕೂತಿದ್ದ ಒಂದನ್ನು ಕಣ್ಣಳತೆಯಲ್ಲೇ ಹುಡುಕಿ ಎಳೆದವನು. ಆ ದಿನ ಎಡಗಾಲಿನ ಎರಡು ಬೆರಳನ್ನು ಹೊಳೆಗೆ ಕೊಟ್ಟು ಬಂದ. ಯಾಲ್ಮಾರಿಯ ಮಗ ತೌನೊ, ಹೆಲಿನಾಳ ಅಪ್ಪ, ನಮ್ಮ ಹೊಳೆಯಲ್ಲಿ ಮರ ತೇಲಿಸಿದವರಲ್ಲಿ ಕೊನೆಯವನು. ಲಾರಿಗಳು ಬಂದ ಮೇಲೆ ತನ್ನ ಕೊಕ್ಕೆಗೋಲನ್ನು ತಂದು ಸೌನಾದ, ಅಂದರೆ ಬಿಸಿಹಬೆಯ ಬಚ್ಚಲಮನೆಯ, ಗೋಡೆಗೆ ನೇತುಹಾಕಿದ. ಅದರ ಮೇಲೆ ಒಂದು ಟವೆಲನ್ನೂ ಒಣಹಾಕಲು ಯಾರನ್ನೂ ಬಿಡಲಿಲ್ಲ.

ಮೂರು ತಲೆಮಾರು ನೀರಿನ ಮೇಲೆ ನಡೆದ ಇಂಥ ಮನೆಯಲ್ಲಿ ಹೆಲಿನಾ ಹುಟ್ಟಿದಳು. ಹೆಣ್ಣಾದ್ದರಿಂದ ಅವಳ ಪಾಲಿಗೆ ಬಂದದ್ದು ದಡದ ಒಲೆ. ಗಂಡಸರಿಗೆ ಕಾಫಿ ಕಾಯಿಸುತ್ತ, ಅಪ್ಪ ಒಂದು ದಿಮ್ಮಿಯಿಂದ ಇನ್ನೊಂದಕ್ಕೆ ಹಾರುತ್ತ ಬರುವುದನ್ನು ಹೊಗೆಯ ನಡುವೆ ಕಣ್ಣುಜ್ಜಿಕೊಂಡು ನೋಡುತ್ತಿದ್ದಳು. ತಾನೊಂದು ದಿನವೂ ದಿಮ್ಮಿಗೆ ಕಾಲಿಡಲಿಲ್ಲ. ಇಡುವ ವಯಸ್ಸು ಬರುವಷ್ಟರಲ್ಲಿ ದಿಮ್ಮಿಗಳಿಲ್ಲದೆ ಹೊಳೆ ಬರಿದಾಗಿತ್ತು. ಈ ಮಾತನ್ನು ಓದುವವರು ಮರೆಯಬಾರದು.

ಮರ ತೇಲಿಸುವ ಕೆಲಸ ಇನ್ನೂ ಜೋರಾಗಿದ್ದ ಒಂದು ಬೇಸಗೆಯ ಕೊನೆಯಲ್ಲಿ ತೌನೊ ಪೇಟೆಯಿಂದ ಮಗಳಿಗೊಂದು ಕಂಪ್ಯೂಟರ್ ತಂದಿದ್ದ. ಕಂದು ಬಣ್ಣದ್ದು, ದಪ್ಪ ಬ್ರೆಡ್ಡಿನ ತುಂಡಿನ ಹಾಗಿತ್ತು. ಅದರಿಂದ ಏನು ಉಪಯೋಗ ಎಂದು ಅವನಿಗೂ ಗೊತ್ತಿರಲಿಲ್ಲ. ಒತ್ತಿದರೆ ಪರದೆಯ ಮೇಲೆ ಆಟವಾಗುವ ಅಂಕಿಗಳ ಸಾಲು ಆಗ ಪತ್ರಿಕೆಗಳಲ್ಲಿ ಅಚ್ಚಾಗುತ್ತಿತ್ತು, ಅದನ್ನು ಹೆಲಿನಾ ಒಂದೊಂದಾಗಿ ಒತ್ತುತ್ತಿದ್ದಳು. ಒಂದು ಅಂಕಿ ತಪ್ಪಿದರೆ ಇಡೀ ಮಧ್ಯಾಹ್ನ ಹಾಳು. ಕಲಿಸುವವರು ಯಾರೂ ಇರಲಿಲ್ಲ, ತಪ್ಪೇ ಕಲಿಸಿತು. ಹಾಗೆ ಕಲಿತದ್ದು ಎಲುಬಿಗೆ ಇಳಿಯುತ್ತದೆ, ಅದನ್ನು ನಾನು ಬಲ್ಲೆ.

ಮುಂದೆ ಅವಳು ಶಾಲೆಯ ಅಡುಗೆಯವಳಾದಳು. ಗುರುವಾರ ಬಟಾಣಿ ಸೂಪು, ಶುಕ್ರವಾರ ಮೀನು, ಹೀಗೆ ಇಪ್ಪತ್ತೆಂಟು ವರ್ಷ. ಐವತ್ತು ತುಂಬಿದ ವರ್ಷ ಅಟ್ಟದಿಂದ ಆ ಕಂದು ಪೆಟ್ಟಿಗೆಯನ್ನು ಇಳಿಸಿ, ಧೂಳು ಒರೆಸಿ, ಅದಕ್ಕೇ ಒಂದು ಆಟ ಕಟ್ಟಲು ಕೂತಳು. ಮೂವತ್ತೈದು ವರ್ಷ ಹಿಂದಿನ ಆಟಗಳ ಹಾಗೇ ಇರಬೇಕು: ಹದಿನಾರೇ ಬಣ್ಣ, ಚೌಕಚೌಕದ ಮನುಷ್ಯ, ಒಂದೇ ಗುಂಡಿ, ಹಾರುವುದಕ್ಕೆ. ಆ ಚೌಕದ ಮನುಷ್ಯ ಮುತ್ತಜ್ಜ ಆಪ್ರಾಮಿ. ಕೈಯಲ್ಲಿ ಕೆಟಲು. ಒಂಬತ್ತು ಇಳಿಜಾರು ದಾಟಿ, ದಿಮ್ಮಿಯಿಂದ ದಿಮ್ಮಿಗೆ ಹಾರಿ, ಸಮುದ್ರದ ಬಾಯಲ್ಲಿ ಕಾದಿರುವವರಿಗೆ ಅವನು ಕಾಫಿ ಮುಟ್ಟಿಸಬೇಕು. ಎಡವಿದಷ್ಟೂ ಕಾಫಿ ಚೆಲ್ಲುತ್ತದೆ.

ಚಿತ್ರ ಬರೆಯುವುದು ಅವಳಿಗೆ ಕಷ್ಟವಾಗಲಿಲ್ಲ. ದಿಮ್ಮಿ ಕಷ್ಟವಾಯಿತು. ಒಂದು ದಿನ ಅಪ್ಪನನ್ನು ಅಡುಗೆಮನೆಯಲ್ಲಿ ನಿಲ್ಲಿಸಿದಳು. ಎಂಬತ್ತನಾಲ್ಕರ ತೌನೊ ಹಳೆಯ ಬೂಟು ಮೆಟ್ಟಿ, ಮೇಜಿನ ಅಂಚು ಹಿಡಿದು, ಹಲಗೆಯ ನೆಲದ ಮೇಲೆ ಹೆಜ್ಜೆ ಹಾಕಿದ. ಅವಳು ಗಡಿಯಾರ ಹಿಡಿದು ಎಣಿಸಿದಳು. ಆ ದಿನ ಸಾಲ ಕೇಳಿದ್ದ ಗರಗಸ ಒಯ್ಯಲು ಹೋದ ನಾನೂ ಅಲ್ಲಿದ್ದೆ.

"ಅಪ್ಪಾ, ಸುಮ್ನೆ ನಿಂತ್ರೆ ದಿಮ್ಮಿ ಎಷ್ಟು ಹೊತ್ತು ತಡೆಯುತ್ತೆ?"

"ನಿಲ್ಲೋದು ಅಂದ್ರೇನೇ? ದಿಮ್ಮಿ ಮೇಲೆ ನಿಂತೋನು ಮೀನಿಗೆ ಊಟ."

"ಅಯ್ಯೋ, ಊಟ ಆಗೋ ಮುಂಚೆ ಎಷ್ಟು ಹೊತ್ತು ಸಿಗುತ್ತೆ, ಅದನ್ನ ಹೇಳು."

ತೌನೊ ಕಣ್ಣು ಮುಚ್ಚಿದ. ಮೊಣಕಾಲು ಸ್ವಲ್ಪ ಬಾಗಿತು. "ಒಂದು ಉಸಿರು," ಎಂದ. "ಎಳ್ಕೊಳ್ಳೋವರೆಗೂ ಇರುತ್ತೆ. ಬಿಡೋ ಅಷ್ಟರಲ್ಲಿ ಉರುಳಿರುತ್ತೆ. ಅದಕ್ಕೇ ಕಾಲು ಆಡಿಸ್ತಾನೇ ಇರ್ಬೇಕು, ಉರುಳೋದಕ್ಕೆ ಎದುರಾಗಿ."

ಆ ಒಂದು ಉಸಿರನ್ನು ಹೆಲಿನಾ ಅಂಕಿಯಾಗಿ ಮಾಡಿ ಆಟದೊಳಗೆ ಕೂರಿಸಿದಳು.

ನಾಲ್ಕು ಚಳಿಗಾಲ ಹಿಡಿಯಿತು. ಹಳೆಯ ಯಂತ್ರಗಳ ಹುಚ್ಚಿರುವವರು ಇಂಟರ್ನೆಟ್ಟಿನಲ್ಲಿ ಸೇರುವ ಒಂದು ಜಾಗವಿದೆ. ಅಲ್ಲಿ ಆಟವನ್ನಿಟ್ಟು, ಬೇಕಾದವರು ಸುಮ್ಮನೆ ತೆಗೆದುಕೊಳ್ಳಿ ಎಂದಳು. ಮೊದಲ ವಾರ ಜೇನು ಸುರಿಯಿತು. "ಈ ನೀರಿನ ನೀಲಿ ನೋಡಿ ಹತ್ತು ವರ್ಷದ ಹುಡುಗ ಆಗೋದೆ," ಎಂದು ಒಬ್ಬ ಬರೆದ. ಕೆಟಲು ಸಿಳ್ಳೆ ಹಾಕುವ ಸಂಗೀತವನ್ನು ಇನ್ನೊಬ್ಬಳು ಫೋನಿನ ಗಂಟೆಯಾಗಿ ಇಟ್ಟುಕೊಂಡಳು. ಎರಡನೆಯ ವಾರ, ನೋಡಿದವರು ಆಡಲು ಕೂತರು.

"ಹದಿನೇಳು ಸಲ ಸತ್ತೆ. ಹದಿನೇಳೂ ಮೊದಲನೇ ದಿಮ್ಮಿ ಮೇಲೇ."

"ಎಲ್ಲಿಗೆ ಹಾರ್ಬೇಕು ಅಂತ ಒಂದ್ ಗಳಿಗೆ ನಿಂತು ಯೋಚ್ನೆ ಮಾಡೋಕಾದ್ರೂ ಬಿಡಿ ತಾಯಿ!"

"ಹಳೇ ಆಟದ ಅಂದ ಬೇಕು ಅಂದ್ವಿ. ಕಾಟಾನೂ ಬೇಕು ಅಂದ್ವಾ?"

ಆಟಗಳನ್ನು ತೂಗಿ ನೋಡಿ ಬರೆಯುವವನೊಬ್ಬ ಹೀಗೆ ತೀರ್ಪು ಕೊಟ್ಟ: ಚಿತ್ರಕ್ಕೆ ಒಂಬತ್ತು, ಸಂಗೀತಕ್ಕೆ ಒಂಬತ್ತು, ದಿಮ್ಮಿಗೆ ಸೊನ್ನೆ.

ಹೆಲಿನಾ ಇದನ್ನೆಲ್ಲ ಅಪ್ಪನಿಗೆ ಓದಿ ಹೇಳಿದಳು. ತೌನೊ, "ಅವರಿಗೆ ನಿಲ್ಲೋಕೆ ಯಾರು ಹೇಳಿದ್ರಂತೆ?" ಎಂದು ಕೇಳಿ ಬಿಸ್ಕತ್ತನ್ನು ಕಾಫಿಯಲ್ಲದ್ದಿದ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ನಾವೂ ನಕ್ಕೆವು.

ನಗದೆ ಇದ್ದವನು ರೇಯೊ. ಊರ ಸಂಘದ ಅಧ್ಯಕ್ಷ, ಎಲ್ಲರ ಕಷ್ಟವೂ ತನ್ನದೇ ಎಂದು ಹೆಗಲಿಗೆ ಹಾಕಿಕೊಳ್ಳುವವನು. ನಮ್ಮಲ್ಲಿ ತಾಲ್ಕೋತ್ ಎಂದು ಒಂದು ಪದ್ಧತಿ: ಯಾರದ್ದಾದರೂ ಮಾಡು ಹಾರಿಹೋದರೆ, ಆಲೂಗಡ್ಡೆ ಕೀಳದೆ ಉಳಿದರೆ, ಊರೆಲ್ಲ ಕೂಲಿಯಿಲ್ಲದೆ ಬಂದು ಕೆಲಸ ಮುಗಿಸಿ, ಕಾಫಿ ಬನ್ನು ತಿಂದು ಹೋಗುತ್ತದೆ. ರೇಯೊ ಒಂದು ಶನಿವಾರ ಹೆಲಿನಾಳ ಆಟಕ್ಕೇ ತಾಲ್ಕೋತ್ ಕರೆದುಬಿಟ್ಟ. ಅವಳಿಗೆ ಹೇಳಲಿಲ್ಲ. ಮೂವತ್ತೊಂದು ಜನ ಊರಮನೆಯಲ್ಲಿ ಫೋನು, ಕಂಪ್ಯೂಟರ್ ಹಿಡಿದು ಕೂತೆವು. ಎಲ್ಲರೂ ಆಟಕ್ಕೆ ನಕ್ಷತ್ರ ಕೊಟ್ಟು ಒಂದೊಂದು ಒಳ್ಳೆಯ ಮಾತು ಬರೆಯಬೇಕು.

"ಎಷ್ಟು ಕೊಡೋಣ ರೇಯೊ? ಐದಿದೆ ಇಲ್ಲಿ."

"ಐದು ಯಾರಿಗಾದ್ರೂ ಕೊಡ್ತಾರೇನೋ? ಐದು ದೇವ್ರಿಗೆ."

"ನಾಲ್ಕು?"

"ನಾಲ್ಕು ಕೊಟ್ರೆ ಹುಡುಗಿ ತಲೆ ತಿರುಗುತ್ತೆ. ಮೂರು ಕೊಡಿ. ಮೂರು ಮರ್ಯಾದೆ."

ಮೂವತ್ತೊಂದು ಜನರೂ ಮೂರು ಕೊಟ್ಟೆವು. "ಪರವಾಗಿಲ್ಲ." "ಕೆಟ್ಟದ್ದೇನಲ್ಲ." "ಇನ್ನೂ ಕೆಟ್ಟದ್ದನ್ನು ನೋಡಿದ್ದೇನೆ." ಇವು ನಾವು ಬರೆದ ಮಾತುಗಳು. ನಾನು "ಆಡಬಹುದು" ಎಂದು ಬರೆದೆ. ಹೆಂಡತಿಯ ಅಡುಗೆಗೂ ನಾನು ಅಷ್ಟು ಹೇಳಿದವನಲ್ಲ.

ಮಾರನೆಯ ದಿನ ಆಟದ ದರ್ಜೆ ಇದ್ದದ್ದಕ್ಕಿಂತ ಕೆಳಗೆ ಬಿದ್ದಿತ್ತು. ಹೊರಗಿನವರಿಗೆ ನಮ್ಮ ತೂಕದ ಕಲ್ಲು ಗೊತ್ತಿಲ್ಲ. "ಸ್ವಂತ ಊರಿನೋರೇ ಕೆಟ್ಟದ್ದೇನಲ್ಲ ಅಂತಾರಲ್ಲಪ್ಪ, ಪಾಪ," ಎಂದು ಯಾರೋ ಬರೆದರು. ಹೆಲಿನಾ ಶಾಲೆಯಿಂದ ನೇರ ರೇಯೊನ ಮನೆಗೆ ಹೋಗಿ, "ಮಾಡು ಹಾರಿದಾಗ ಬಾ ಮಾರಾಯ. ಅಲ್ಲೀವರೆಗೂ ಬರ್ಬೇಡ," ಎಂದಷ್ಟೇ ಹೇಳಿ ಬಂದಳಂತೆ.

ಆಮೇಲೆ ಬಂದದ್ದು ವೀಬೆಯ ಪತ್ರ. ಹಾಲೆಂಡಿನ ಗ್ರೋನಿಂಗೆನ್‌ನವನು, ಹಳೆಯ ಆಟಗಳನ್ನು ಬಿಚ್ಚಿ ಜೋಡಿಸುವುದರಲ್ಲಿ ಎತ್ತಿದ ಕೈ. ಆಟವನ್ನು ಅವನು ಮನಸಾರೆ ಮೆಚ್ಚಿದ್ದ. ಮೆಚ್ಚಿದ್ದರಿಂದಲೇ ಒಳಗೆ ಕೈಯಿಟ್ಟು ಒಂದು ಅಂಕಿ ಬದಲಾಯಿಸಿದ್ದ. ಅವನ ಆಟದಲ್ಲಿ ದಿಮ್ಮಿಯ ಮೇಲೆ ಬೇಕಾದಷ್ಟು ಹೊತ್ತು ನಿಲ್ಲಬಹುದು. ಅದನ್ನು ನೂರಾರು ಜನ ಇಳಿಸಿಕೊಂಡು ಹೊಗಳುತ್ತಿದ್ದರು. "ಆ ಅಂಕಿಯೊಂದು ತಪ್ಪಿದೆ, ಉಳಿದದ್ದೆಲ್ಲ ಚಿನ್ನ. ನೀವು ಒಪ್ಪಿದರೆ ನನ್ನದನ್ನೇ ಮೂಲ ಆಟ ಎಂದು ಇಡೋಣ. ನನ್ನ ಹೆಸರು ಬೇಡ," ಎಂದು ಬರೆದಿದ್ದ.

ಬೈಗುಳ ತಾಗದ ಹೆಲಿನಾಳಿಗೆ ಈ ಸೌಜನ್ಯ ತಾಗಿತು. ಅಂಕಿ ತಪ್ಪಿದೆ ಎಂದನಲ್ಲ! ಅದು ಅಪ್ಪನ ಉಸಿರು.

ಅದೇ ವಾರ, ಬರಬೇಡ ಎಂದಿದ್ದರೂ ಕಾಫಿಗೆ ಬಂದ ರೇಯೊ ಮೆತ್ತಗೆ ಕೇಳಿದ: "ತೌನೊ, ನೀನು ಲೆಕ್ಕ ಹೇಳಿದ್ದು ಅಡುಗೆಮನೇಲಿ. ಹಲಗೆ ನೆಲ ಉರುಳಲ್ಲ. ಹೊಳೆ ಬಿಟ್ಟು ಮೂವತ್ತೈದು ವರ್ಷ ಆಯ್ತು. ಖಂಡಿತಾನಾ?"

ತೌನೊ ತನ್ನ ಕಾಲುಗಳನ್ನು, ಬೇರೆಯವರ ಕಾಲುಗಳೋ ಎಂಬ ಹಾಗೆ ನೋಡಿಕೊಂಡ. "ಗೊತ್ತಿಲ್ಲ," ಎಂದ ಕೊನೆಗೆ. "ಆಗ ಗೊತ್ತಿತ್ತು."

ನಮ್ಮ ನಗು ಅಲ್ಲಿಗೆ ನಿಂತಿತು. ನೆಲವೇ ಡೊಂಕಾಗಿದ್ದರೆ ಕುಣಿಯುವವಳನ್ನು ಬೈದು ಏನು ಬಂತು? ಅಂಕಿ ತಪ್ಪಿದ್ದರೆ ತಿದ್ದಬೇಕು, ವೀಬೆಗೆ ಕೈಮುಗಿಯಬೇಕು. ಸರಿಯಿದ್ದರೆ, ಮೂರು ತಲೆಮಾರಿನ ಕಾಲು ಕಲಿತದ್ದು ಲೋಕದಲ್ಲಿ ಉಳಿದಿರುವುದು ಆ ಒಂದು ಅಂಕಿಯಲ್ಲಿ ಮಾತ್ರ. ಯಾವುದೆಂದು ಹೇಳಬಲ್ಲವನು ಗೊತ್ತಿಲ್ಲ ಎಂದುಬಿಟ್ಟಿದ್ದ. ಆ ತಿಂಗಳು ಹೆಲಿನಾ ಅಷ್ಟೂ ವರ್ಷಗಳಲ್ಲಿ ಮೊದಲ ಸಲ ಶಾಲೆಯ ಗಂಜಿ ತಳ ಹಿಡಿಸಿದಳು.

ಆಗಸ್ಟಿನಲ್ಲಿ ವೀಬೆ ತಾನೇ ಬಂದ. ಕಾರಿನ ಹಿಂದೆ ಬಂಡಿಮನೆ ಎಳೆದುಕೊಂಡು ಉತ್ತರಕ್ಕೆ ಹೊರಟವನು, ದಾರಿಯಲ್ಲೇ ನಿಮ್ಮೂರು ಎಂದ. ಕೊಕ್ಕರೆಯಂಥ ಉದ್ದನೆಯ ಆಳು, ನಾಚಿಕೆಯ ನಗೆ. ಹೆಲಿನಾ ಮತ್ತು ಅವನು ಇಬ್ಬರದೂ ಅಲ್ಲದ ಭಾಷೆಯಲ್ಲಿ ಮಾತಾಡಿಕೊಂಡರು. ಅವನು ಬರುತ್ತಾನೆಂದು ತಿಳಿದು ರೇಯೊ ಮರದ ಮಿಲ್ಲಿನಿಂದ ತೊಗಟೆ ಸುಲಿಯದ ಒಂದು ಪೈನ್ ದಿಮ್ಮಿ ತರಿಸಿ, ಮೊಯ್ಲನೆನ್‌ರ ಮನೆಯ ಕೆಳಗೆ ಹೊಳೆ ತಿರುವು ಹೊಡೆದು ತೆಪ್ಪಗಾಗುವಲ್ಲಿ ಬಿಡಿಸಿದ್ದ. ಇದಕ್ಕೂ ಅವನನ್ನು ಯಾರೂ ಕರೆದಿರಲಿಲ್ಲ.

ತೌನೊನನ್ನು ಕುರ್ಚಿಯ ಸಮೇತ ದಡಕ್ಕೆ ತಂದೆವು. ವೀಬೆ ಪ್ಯಾಂಟು ಮಡಚಿ ದಿಮ್ಮಿ ಹತ್ತಿದ, ಕೈ ಚಾಚಿ ನಿಂತ, ಏನೋ ಹೇಳಲು ಬಾಯಿ ತೆರೆದ, ನೀರಿಗೆ ಬಿದ್ದ. ಮೂರು ಸಲ ಹಾಗೇ ಆಯಿತು. ನಗುತ್ತಲೇ ಮೇಲೆ ಬಂದು ಕೂದಲು ಹಿಂಡಿಕೊಂಡು ಹೇಳಿದ: "ಆಯ್ತು, ಒಪ್ಕೊಂಡೆ, ಇದು ಉರುಳುತ್ತೆ. ಆದ್ರೆ ನಮ್ಮೂರಲ್ಲಿ ಇಂಥ ಹೊಳೆ ಇಲ್ಲ. ಮೊದಲನೇ ದಿಮ್ಮಿ ಒಂದನ್ನಾದ್ರೂ ನಿಲ್ಸಿ, ಜನ ಕಲ್ತುಕೊಳ್ಳಲಿ. ಅಷ್ಟು ಮಾತ್ರ ನಾನು ಮಾಡಿಕೊಡ್ತೀನಿ." ಆಮೇಲೆ, ಕುಹಕವಿಲ್ಲದೆ, ತಿಳಿಯಬೇಕೆಂದೇ ಕೇಳಿದ: "ನೀವು ಇದರ ಮೇಲೆ ಎಷ್ಟು ದೂರ ನಡೀತೀರಿ?"

ರೇಯೊ ಮೋಡ ನೋಡಿದ.

ಹೆಲಿನಾ ಮನೆಯೊಳಗೆ ಹೋದಳು. ಹೊರಬಂದಾಗ ಕಾಲಲ್ಲಿ ಅಪ್ಪನ ಮೊಳೆಬೂಟು ಇತ್ತು, ಬೆರಳ ಕಡೆ ಪೇಪರು ತುರುಕಿ ಬಿಗಿ ಮಾಡಿದ್ದಳು. ಐವತ್ತನಾಲ್ಕು ವರ್ಷದ ದಪ್ಪ ಹೆಂಗಸು, ಅಡುಗೆಯ ಏಪ್ರನ್ನು ಬಿಚ್ಚಲೂ ಮರೆತಿದ್ದಳು.

"ಕಾಲು ನೋಡ್ಕೋಬೇಡ," ಎಂದ ತೌನೊ ಕುರ್ಚಿಯಿಂದ. "ಆಚೆ ದಡ ನೋಡು. ನಡಿ."

ಅವಳು ಹತ್ತಿದಳು. ಆದರೆ ನಡೆಯಲಿಲ್ಲ. ಎರಡೂ ಕಾಲು ಊರಿ, ಆಚೆ ದಡದ ಬರ್ಚ್ ಮರಗಳನ್ನು ನೋಡುತ್ತ ಬೇಕೆಂದೇ ನಿಂತಳು. ಎದೆ ಉಬ್ಬುವಷ್ಟು ಉಸಿರೆಳೆದಳು. ಅಲ್ಲಿಯವರೆಗೂ ದಿಮ್ಮಿ ತೊಟ್ಟಿಲಿನ ಹಾಗಿತ್ತು. ಉಸಿರು ಬಿಡಲು ತುಟಿ ಸಡಿಲಿಸಿದಳು. ದಿಮ್ಮಿ ಸರಕ್ಕನೆ ಹೊಟ್ಟೆ ಮೇಲೆ ಮಾಡಿಕೊಂಡಿತು. ಏಪ್ರನ್ನು ಒಂದು ಗಳಿಗೆ ನೀರಿನ ಮೇಲೆ ಬಿಳಿಯಾಗಿ ತೇಲಿತು.

ತೌನೊ ತನ್ನ ಮೊಣಕಾಲಿಗೊಂದು ಏಟು ಹೊಡೆದುಕೊಂಡ.

ವೀಬೆ ಸೊಂಟದವರೆಗೆ ನೀರಿಗಿಳಿದು ಕೈ ಚಾಚಿದ. ರೇಯೊ ಸೌನಾದ ಗೋಡೆಯ ಕೊಕ್ಕೆಗೋಲನ್ನೇ ಕಿತ್ತು ತಂದು ಅವಳ ಮೂಗಿನ ಮುಂದೆ ಹಿಡಿದ. ಹೆಲಿನಾ ಕೆಮ್ಮಿ, ನೀರುಗುಳಿ, ಒಂದು ತೋಳಿನಿಂದ ದಿಮ್ಮಿಯನ್ನು ತಬ್ಬಿಕೊಂಡಳು.

"ಬೇಡ ರೇಯೊ, ಕೋಲು ಹಿಂದಕ್ಕೆ ತಗೋ. ವೀಬೆ, ನೀವೂ ಕೈ ತೆಗೀರಿ. ಉಸಿರು ಬಿಡೋ ಹೊತ್ತಿಗೆ ಸರಿಯಾಗಿ ಉರುಳ್ತು, ನೋಡಿದ್ರಲ್ಲ? ಅಪ್ಪನ ಅಂಕಿ ಸರಿಯಾಗಿದೆ. ಮೊದಲನೇ ದಿಮ್ಮೀನೂ ಹಾಗೇ ಇರ್ಲಿ, ಅದನ್ನ ಯಾರೂ ಮುಟ್ಟಬೇಡಿ. ನಿಮ್ಮ ನಿಂತ ದಿಮ್ಮಿಗೆ ಬೇರೆ ಹೆಸರಿಟ್ಟು ಆಡ್ಕೊಳ್ಳಿ, ನನಗೇನೂ ಬೇಜಾರಿಲ್ಲ. ಈಗ ಎಲ್ಲಾ ದೂರ ಸರೀರಿ. ನಾನು ನಿಂತು ನೋಡಿದ್ದಷ್ಟೇ, ಇನ್ನೂ ನಡೆದೇ ಇಲ್ಲ. ಸರೀರಿ ಅಂದ್ನಲ್ಲ, ನಾನೇ ಹತ್ತುತೀನಿ."